ವಿಡಿಯೊ ನೋಡಿ ಕಲಿತ ಕೈಚಳಕ ಎಲ್ಲಿ ತಪ್ಪುತ್ತದೆ: ಇಸ್ಪೀಟು ಮತ್ತು ನಾಣ್ಯದ ಜಾದೂವಿಗೊಂದು ದೋಷ ನಿವಾರಣೆ ಕೈಪಿಡಿ

ಚಿಕ್ಕಮಗಳೂರಿನ ನಮ್ಮ ಮನೆಯ ಜಗಲಿಯ ಮೇಲೆ ಪಕ್ಕದ ಮನೆಯ ಪಿಯುಸಿ ಹುಡುಗ ಹತ್ತು ರೂಪಾಯಿಯ ನಾಣ್ಯವೊಂದನ್ನು ಬಲಗೈಯಿಂದ ಎಡಗೈಗೆ ಹಾಕಿದಂತೆ ಮಾಡಿ, ಎಡ ಮುಷ್ಟಿಯ ಮೇಲೆ ಊದಿ, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅಲ್ಲಿ ನಾಣ್ಯವಿರಲಿಲ್ಲ. ಅಡಿಕೆ ಕತ್ತರಿಸುತ್ತ ಕೂತಿದ್ದ ನನ್ನ ಅತ್ತೆ ಕತ್ತರಿ ನಿಲ್ಲಿಸದೆಯೇ, "ಅದು ನಿನ್ನ ಬಲಗೈಲೇ ಇದೆಯಲ್ಲೋ ಮಾರಾಯ" ಎಂದರು. "ಹೆಂಗೆ ಗೊತ್ತಾಯ್ತು ಅಜ್ಜಿ?" ಎಂದು ಅವನು ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಇದು: "ಆ ಕೈಯನ್ನ ಸುಟ್ಟುಕೊಂಡವನ ಹಾಗೆ ಹಿಡ್ಕೊಂಡಿದ್ದೀಯಲ್ಲ."

ಹುಡುಗ ಆ ಪಾಠದ ವಿಡಿಯೊವನ್ನು ಹತ್ತಾರು ಬಾರಿ ನೋಡಿದ್ದ. ಬೆರಳುಗಳು ವಿಡಿಯೊದಲ್ಲಿದ್ದಲ್ಲಿಯೇ ಇದ್ದವು. ಆದರೂ ಜಾದೂವಿನ ಗಂಧಗಾಳಿ ಇಲ್ಲದವರೊಬ್ಬರು ಒಂದೇ ನೋಟಕ್ಕೆ ಹಿಡಿದರು. ನೋಡುವವರು ದೋಷ ಎಲ್ಲಿ ಕಾಣುತ್ತದೆ ಎಂಬುದನ್ನು ತಪ್ಪದೆ ಹೇಳುತ್ತಾರೆ, ಆದರೆ ಅದು ಎಲ್ಲಿ ಹುಟ್ಟುತ್ತದೆ ಎಂಬುದನ್ನು ಹೇಳಲಾರರು; ಅದನ್ನು ಕಲಿಯುವವನೇ ಹುಡುಕಿಕೊಳ್ಳಬೇಕು. ನಾನೂ ಗುರುವಿಲ್ಲದೆ ವಿಡಿಯೊಗಳಿಂದಲೇ ಕಲಿತವನಾದ್ದರಿಂದ, ಯಾವ ಲಕ್ಷಣಕ್ಕೆ ಯಾವ ಪರೀಕ್ಷೆ ಮಾಡಬೇಕು ಎಂಬುದನ್ನು ನನ್ನ ತಪ್ಪುಗಳ ಆಧಾರದ ಮೇಲೆ ಇಲ್ಲಿ ಬರೆದಿದ್ದೇನೆ. ಬೆರಳನ್ನು ದೂರುವುದಕ್ಕೆ ಮೊದಲು ಸಾಮಾನನ್ನು, ಆಮೇಲೆ ವಿಡಿಯೊವನ್ನು, ಕೊನೆಗೆ ಕೈಯನ್ನು ಪರೀಕ್ಷಿಸುವುದು ಒಳ್ಳೆಯ ಕ್ರಮ, ಏಕೆಂದರೆ ಮೊದಲಿನೆರಡನ್ನು ಒಂದು ಸಂಜೆಯಲ್ಲಿ ಸರಿಪಡಿಸಬಹುದು, ಮೂರನೆಯದಕ್ಕೆ ವಾರಗಳು ಬೇಕು.

ಮೊದಲು ನಿಮ್ಮನ್ನೇ ಚಿತ್ರಿಸಿಕೊಳ್ಳಿ

ಕನ್ನಡಿಯ ಮುಂದೆ ಅಭ್ಯಾಸ ಮಾಡುವವರಿಗೆ ಒಂದು ವಿಚಿತ್ರ ತೊಂದರೆಯಿದೆ. ಗುಟ್ಟಿನ ಚಲನೆ ನಡೆಯುವ ಕ್ಷಣದಲ್ಲಿಯೇ ಅನೇಕರು ತಮಗೆ ಗೊತ್ತಿಲ್ಲದೆ ಕಣ್ಣು ಮಿಟುಕಿಸುತ್ತಾರೆ. ಹೀಗಾಗಿ ಕನ್ನಡಿಯಲ್ಲಿ ಎಲ್ಲವೂ ನಿರ್ದೋಷವಾಗಿ ಕಾಣುತ್ತದೆ ಮತ್ತು ದೋಷವನ್ನು ನೋಡದ ಏಕೈಕ ವ್ಯಕ್ತಿ ಅವರೇ ಆಗಿರುತ್ತಾರೆ. ಆದ್ದರಿಂದ ಮೊಬೈಲನ್ನು ಎದುರು ಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರದಲ್ಲಿ, ನಾಲ್ಕೈದು ಅಡಿ ದೂರದಲ್ಲಿ ನಿಲ್ಲಿಸಿ, ಹಿಂಬದಿಯ ಕ್ಯಾಮೆರಾದಿಂದ ಚಿತ್ರಿಸಬೇಕು. ಮುಂಬದಿಯ ಕ್ಯಾಮೆರಾ ಕನ್ನಡಿಯಂತೆ ಎಡಬಲ ತಿರುಗಿಸಿ ತೋರಿಸುವುದರಿಂದಲೂ, ನಮ್ಮ ಕಣ್ಣು ಪರದೆಯ ಕಡೆಗೇ ಹೋಗುವುದರಿಂದಲೂ ಅದು ಈ ಕೆಲಸಕ್ಕೆ ಬರುವುದಿಲ್ಲ.

ಈಗ ಇಡೀ ಕೈಪಿಡಿಗೆ ಆಧಾರವಾದ ಪರೀಕ್ಷೆಗೆ ಬರೋಣ. ನೀವು ನಟಿಸಬೇಕಾದ ಕೆಲಸವನ್ನು ಮೊದಲು ನಿಜವಾಗಿಯೇ ಹತ್ತು ಬಾರಿ ಮಾಡಿ ಚಿತ್ರಿಸಿಕೊಳ್ಳಿ: ನಾಣ್ಯವನ್ನು ನಿಜವಾಗಿ ಎಡಗೈಗೆ ಹಾಕಿ, ಇಸ್ಪೀಟಿನ ಒಂದೇ ಎಲೆಯನ್ನು ನಿಜವಾಗಿ ತಿರುವಿ, ಎಲೆಗಳ ಕಟ್ಟನ್ನು ನಿಜವಾಗಿ ಕಲಸಿ. ಅನಂತರ ಗುಟ್ಟಿನ ಚಲನೆಯನ್ನು ಹತ್ತು ಬಾರಿ ಮಾಡಿ ಚಿತ್ರಿಸಿಕೊಳ್ಳಿ. ಎರಡನ್ನೂ ಧ್ವನಿಯಿಲ್ಲದೆ ಒಂದರ ಪಕ್ಕ ಒಂದಿಟ್ಟು ನೋಡಿದಾಗ ಎಲ್ಲಿ ವ್ಯತ್ಯಾಸ ಕಾಣುತ್ತದೆಯೋ ಅಲ್ಲಿ ದೋಷವಿದೆ. ಪಾಠ ಹೇಳುವವನ ಕೈಗೂ ನಿಮ್ಮ ಕೈಗೂ ಇರುವ ವ್ಯತ್ಯಾಸ ಅಷ್ಟು ಮುಖ್ಯವಲ್ಲ. ನಿಮ್ಮ ನಿಜಕ್ಕೂ ನಿಮ್ಮ ನಟನೆಗೂ ಇರುವ ವ್ಯತ್ಯಾಸವನ್ನೇ ಜನ ಹಿಡಿಯುವುದು. ವಿಡಿಯೊದಿಂದ ಕಲಿತವರಲ್ಲಿ ಬಹುಪಾಲು ಜನ ಮೊದಲನೆಯದನ್ನು ತಿದ್ದಿಕೊಳ್ಳುತ್ತ ಎರಡನೆಯದನ್ನು ಮರೆತಿರುತ್ತಾರೆ.

ಎಲೆಗಳು ಗುಂಪುಗುಂಪಾಗಿ ಅಂಟುತ್ತಿದ್ದರೆ

ಲಕ್ಷಣಗಳು: ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿದಾಗ ಐದಾರು ಎಲೆಗಳು ಒಟ್ಟಿಗೆ ಬರುವುದು, ಎರಡು ಎಲೆ ಎತ್ತಲು ಹೋದರೆ ಮೂರು ಬರುವುದು, ಕಟ್ಟು ತನ್ನ ಡಬ್ಬಿಯೊಳಗೆ ಮೊದಲಿಗಿಂತ ಬಿಗಿಯಾಗಿ ಕೂರುವುದು. ಕೊನೆಯ ಲಕ್ಷಣವಿದ್ದರೆ ಬೇರೆ ಪರೀಕ್ಷೆಯೇ ಬೇಕಿಲ್ಲ. ಒಳ್ಳೆಯ ಇಸ್ಪೀಟಿನ ಎಲೆ ಎರಡು ಕಾಗದದ ಹಾಳೆಗಳನ್ನು ನಡುವೆ ಅಂಟು ಹಾಕಿ ಕೂಡಿಸಿದ ಪದರ. ಕಾಗದ ಗಾಳಿಯ ತೇವವನ್ನು ಹೀರಿದಾಗ ಉಬ್ಬುತ್ತದೆ, ಎರಡು ಮುಖಗಳು ಸಮನಾಗಿ ಹೀರದಿದ್ದರೆ ಬಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕೊಪ್ಪದ ಕಡೆ ಒಗೆದ ಬಟ್ಟೆಯೇ ಒಣಗದ ದಿನಗಳಲ್ಲಿ ಇಸ್ಪೀಟು ಒಣಗಿರಬೇಕೆಂದು ಬಯಸುವುದು ಅತಿಯಾಸೆ. ಒಂದು ಜುಲೈನಲ್ಲಿ ಮೂಡಿಗೆರೆಯ ತೋಟದ ಮನೆಯಲ್ಲಿ ನಾನು ಸಂಪೂರ್ಣ ಸೋತ ಕಟ್ಟೊಂದು, ಅದೇ ವಾರ ಅರಸೀಕೆರೆಯ ನೆಂಟರ ಮನೆಯಲ್ಲಿ ಎರಡು ದಿನ ಕಳೆದ ಮೇಲೆ ಸರಾಗವಾಗಿ ಜಾರತೊಡಗಿತು. ನಡುವೆ ನನ್ನ ಬೆರಳುಗಳು ಏನೂ ಕಲಿತಿರಲಿಲ್ಲ.

ಖಚಿತಪಡಿಸಿಕೊಳ್ಳಲು ಕಟ್ಟನ್ನು ದಪ್ಪ ಬಟ್ಟೆ ಹಾಸಿದ ಮೇಜಿನ ಮೇಲೆ ಒಂದೇ ಎಳೆತದಲ್ಲಿ ಸಾಲಾಗಿ ಹರಡಿ. ಹೊಸ ಕಟ್ಟು ಸಮನಾಗಿ ಹರಡಿ, ಹಳೆಯದು ಮಾತ್ರ ಗುಂಪು ಕಟ್ಟಿದರೆ ತಪ್ಪು ಎಲೆಗಳದ್ದು. ಎರಡೂ ಗುಂಪು ಕಟ್ಟಿದರೆ ನಿಮ್ಮ ಕೈಯ ಒತ್ತಡ ಹೆಚ್ಚಾಗಿದೆ. ಮಳೆಗಾಲಕ್ಕೆ ಪರಿಹಾರ ಸರಳವಾದುದು: ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಹೊಸ ಚಪ್ಪಲಿಯ ಪೆಟ್ಟಿಗೆಯೊಳಗೆ ಸಿಗುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಕಟ್ಟನ್ನು ಇಡಬೇಕು, ಬಾಗಿದ್ದರೆ ಎದುರು ದಿಕ್ಕಿಗೆ ಮೆಲ್ಲಗೆ ಬಾಗಿಸಿ, ರಾತ್ರಿಯಿಡೀ ದಪ್ಪ ಪುಸ್ತಕದ ಕೆಳಗಿಡಬೇಕು. ಮುಖದ ಪೌಡರು ಸವರುವ ಸಲಹೆಯನ್ನು ದಯವಿಟ್ಟು ಕೇಳಬೇಡಿ. ಅರ್ಧ ಗಂಟೆ ಎಲೆಗಳು ಬೆಣ್ಣೆಯಂತೆ ಜಾರುತ್ತವೆ, ಆಮೇಲೆ ಕೈಬೆವರಿನೊಂದಿಗೆ ಸೇರಿ ಪೌಡರು ಮೆತ್ತಿಕೊಳ್ಳುತ್ತದೆ.

ನುಣುಪಾದ ಪ್ಲಾಸ್ಟಿಕ್ ಲೇಪನದ ಅಗ್ಗದ ಎಲೆಗಳ ಕಥೆ ಬೇರೆ. ಪಾಠದ ವಿಡಿಯೊಗಳಲ್ಲಿ ಹೆಚ್ಚಾಗಿ ಕಾಣುವ ಅಮೆರಿಕದ ಬೈಸಿಕಲ್ ಬ್ರ್ಯಾಂಡಿನ ಕಟ್ಟಿನ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಷ್ಟದಿಂದ ಕಾಣುವ ಸಣ್ಣ ತಗ್ಗುಗಳಿರುತ್ತವೆ; ಅವುಗಳಲ್ಲಿ ಉಳಿಯುವ ಗಾಳಿಯಿಂದಾಗಿ ಎಲೆಗಳು ಒಂದರ ಮೇಲೊಂದು ತೇಲಿದಂತೆ ಸರಿಯುತ್ತವೆ. ನುಣುಪು ಎಲೆಗಳಲ್ಲಿ ಆ ಗಾಳಿಯ ಪದರವಿಲ್ಲ. ಅಗಲದಲ್ಲಿಯೂ ವ್ಯತ್ಯಾಸವಿದೆ: ಪೋಕರ್ ಅಳತೆಯ ಎಲೆ 63.5 ಮಿ.ಮೀ. ಅಗಲ, ಬ್ರಿಜ್ ಅಳತೆಯದು ಸುಮಾರು 57 ಮಿ.ಮೀ. ಕಿರಿದಾದ ಎಲೆ ಸಣ್ಣ ಅಂಗೈಯಲ್ಲಿ ಅಡಗಿಸಲು ಸುಲಭವೇ ಹೊರತು ತೊಂದರೆಯಲ್ಲ. ಬೆನ್ನಿನ ಸುತ್ತ ಬಿಳಿ ಅಂಚು ಇಲ್ಲದಿರುವುದು ಮಾತ್ರ ನಿಜವಾದ ತೊಂದರೆ, ಏಕೆಂದರೆ ಬಿಳಿ ಅಂಚಿದ್ದರೆ ಕಟ್ಟಿನ ನಡುವೆ ಮಗುಚಿಟ್ಟ ಎಲೆ ಇಣುಕಿದರೂ ಬಿಳಿಯ ನಡುವೆ ಬಿಳಿ ಕಾಣುವುದಿಲ್ಲ. ಬಣ್ಣ ಅಂಚಿನವರೆಗೂ ಹರಡಿದ್ದರೆ ಅದೇ ಇಣುಕು ಎದ್ದು ಕಾಣುತ್ತದೆ.

ನಾಣ್ಯ ಅಂಗೈಯಲ್ಲಿ ನಿಲ್ಲದಿದ್ದರೆ

ಅಂಗೈಯ ನಡುವೆ, ಹೆಬ್ಬೆರಳ ಬುಡದ ಮಾಂಸಕ್ಕೂ ಕಿರುಬೆರಳ ಕೆಳಗಿನ ಮಾಂಸಕ್ಕೂ ನಡುವೆ ನಾಣ್ಯವನ್ನು ಹಿಡಿದಿಡುವ ಕ್ಲಾಸಿಕ್ ಪಾಮ್ ಎಂಬ ಹಿಡಿತದಲ್ಲಿ ನಾಣ್ಯ ಬೀಳುತ್ತಿದ್ದರೆ ಮೊದಲು ನಾಣ್ಯವನ್ನೇ ಅಳೆಯಿರಿ. ಪಾಶ್ಚಾತ್ಯ ವಿಡಿಯೊಗಳಲ್ಲಿ ಬಳಸುವುದು ಸಾಮಾನ್ಯವಾಗಿ ಅಮೆರಿಕದ ಅರ್ಧ ಡಾಲರು. ಅದರ ವ್ಯಾಸ 30.6 ಮಿ.ಮೀ., ತೂಕ 11.34 ಗ್ರಾಂ, ಅಂಚಿನ ಸುತ್ತ ಗೀರುಗಳು. ನಮ್ಮ ಹತ್ತು ರೂಪಾಯಿಯ ನಾಣ್ಯ 27 ಮಿ.ಮೀ., 7.71 ಗ್ರಾಂ. ಹನ್ನೆರಡು ಮೂಲೆಯ ಇಪ್ಪತ್ತು ರೂಪಾಯಿಯದೂ 27 ಮಿ.ಮೀ. ಇದ್ದು 8.54 ಗ್ರಾಂ ತೂಗುತ್ತದೆ. ಮೂರೂವರೆ ಮಿಲಿಮೀಟರ್ ಕಡಿಮೆಯಾದ ನಾಣ್ಯವನ್ನು ಹಿಡಿಯಲು ಅಂಗೈ ಹೆಚ್ಚು ಮುದುಡಬೇಕಾಗುತ್ತದೆ, ಹೆಬ್ಬೆರಳು ಒಳಕ್ಕೆ ಬಾಗುತ್ತದೆ, ಕೈ ಗಿಡುಗನ ಉಗುರಿನಂತಾಗುತ್ತದೆ. ಅತ್ತೆ ಹೇಳಿದ 'ಸುಟ್ಟ ಕೈ' ಎಷ್ಟೋ ಬಾರಿ ಇಲ್ಲಿಂದಲೇ ಬರುತ್ತದೆ.

ನಮ್ಮ ಕಡೆ ಇದಕ್ಕೆ ಮನೆಯಲ್ಲೇ ಮದ್ದುಂಟು. ಲಕ್ಷ್ಮೀಪೂಜೆಯ ತಟ್ಟೆಯಲ್ಲಿಡುವ ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ ತೂಕದ್ದು, ಅಗಲದಲ್ಲಿಯೂ ಅರ್ಧ ಡಾಲರಿಗೆ ಹೆಚ್ಚುಕಡಿಮೆ ಸಮ, ಅಂಚಿನಲ್ಲಿ ಗೀರುಗಳೂ ಇವೆ. ಅಂಗೈ ಅದನ್ನು ತಾನಾಗಿ ಹಿಡಿಯುತ್ತದೆ. ಹಿರಿಯರನ್ನು ಕೇಳಿಯೇ ತೆಗೆದುಕೊಳ್ಳಿ. ನಾನು ಕೇಳದೆ ತೆಗೆದುಕೊಂಡ ವರ್ಷ ವರಮಹಾಲಕ್ಷ್ಮಿಯ ದಿನ ಮನೆಯಲ್ಲಿ ನಡೆದ ಹುಡುಕಾಟವನ್ನು ಈಗ ನೆನೆಯುವುದು ಬೇಡ.

ಬೆಳ್ಳಿ ರೂಪಾಯಿಯೂ ಬಿದ್ದರೆ ದೋಷ ಜಾಗದ್ದು. ನಾಣ್ಯವನ್ನು ಅಂಗೈಯ ಮಧ್ಯಕ್ಕೆ ಬೆರಳಿನಿಂದ ಒತ್ತಿ, ಕೈ ಮಗುಚಿ, ಮೆಲ್ಲಗೆ ಅಲುಗಾಡಿಸಿ. ಬೆರಳುಗಳ ಕಡೆಗೆ ಜಾರಿ ಬಿದ್ದರೆ ಇನ್ನೂ ಸ್ವಲ್ಪ ಮಣಿಕಟ್ಟಿನ ಕಡೆಗೆ, ಮಣಿಕಟ್ಟಿನ ಕಡೆಗೆ ಜಾರಿದರೆ ಬೆರಳುಗಳ ಕಡೆಗೆ ಸರಿಸಿ ನೋಡಿ. ಸರಿಯಾದ ಜಾಗದಲ್ಲಿ ನಾಣ್ಯ ಹಿಡಿದಿರುವಾಗ ಅದೇ ಕೈಯಿಂದ ಕಾಫಿ ಲೋಟ ಎತ್ತಲು, ಪೆನ್ನು ಹಿಡಿಯಲು ಆಗಬೇಕು. ಆಗದಿದ್ದರೆ ಹಿಡಿತ ಅಗತ್ಯಕ್ಕಿಂತ ಬಿಗಿಯಾಗಿದೆ.

ವಿಡಿಯೊ ನೋಡುವುದರಲ್ಲಿಯೇ ತಪ್ಪಿದ್ದರೆ

ಎಲ್ಲವನ್ನೂ ಹೇಳಿದಂತೆಯೇ ಮಾಡಿದರೂ ಬೆರಳುಗಳು ಗಂಟು ಬೀಳುತ್ತವೆ ಎನ್ನುವವರು ಪಾಠದ ವಿಡಿಯೊ ಎಡಬಲ ತಿರುಗಿದೆಯೇ ಎಂದು ನೋಡಬೇಕು. ಸಾಮಾನ್ಯ ಕಟ್ಟಿನಲ್ಲಿ ಎಲೆಯ ಅಂಕಿ ಮೇಲಿನ ಎಡ ಮೂಲೆಯಲ್ಲಿಯೂ ಕೆಳಗಿನ ಬಲ ಮೂಲೆಯಲ್ಲಿಯೂ ಇರುತ್ತದೆ. ಪರದೆಯಲ್ಲಿ ಅಂಕಿ ಮೇಲಿನ ಬಲ ಮೂಲೆಯಲ್ಲಿ ಕಂಡರೆ, ಅಥವಾ 7 ಹಿಂದುಮುಂದಾಗಿ ಕಂಡರೆ, ನೀವು ಕನ್ನಡಿಯ ಬಿಂಬವನ್ನು ನೋಡುತ್ತಿದ್ದೀರಿ. ಎಡಗೈಯವರಿಗೆ ಇದು ವರವೂ ಹೌದು.

ಎರಡನೆಯ ತಪ್ಪು ವೇಗಕ್ಕೆ ಸಂಬಂಧಿಸಿದ್ದು. ಯೂಟ್ಯೂಬಿನಲ್ಲಿ ವೇಗವನ್ನು 0.25ಕ್ಕೆ ಇಳಿಸಿದರೂ ಚಲನೆ ಕಾಣಿಸುವುದಿಲ್ಲ ಎಂದು ಅನೇಕರು ದೂರುತ್ತಾರೆ. ಸೆಕೆಂಡಿಗೆ 30 ಚಿತ್ರಗಳಂತೆ ತೆಗೆದ ವಿಡಿಯೊದಲ್ಲಿ ಒಂದು ಸೆಕೆಂಡಿನ ಮೂರನೇ ಒಂದು ಭಾಗದಲ್ಲಿ ಮುಗಿಯುವ ಚಲನೆಗೆ ಹತ್ತೇ ಚಿತ್ರಗಳಿರುತ್ತವೆ. ನಿಧಾನಗೊಳಿಸಿದಾಗ ಆ ಹತ್ತೇ ಚಿತ್ರಗಳು ಎಳೆದು ಕಾಣುತ್ತವೆಯೇ ಹೊರತು ಹನ್ನೊಂದನೆಯದು ಹುಟ್ಟುವುದಿಲ್ಲ. ಕಂಪ್ಯೂಟರಿನಲ್ಲಿ ವಿಡಿಯೊ ನಿಲ್ಲಿಸಿ, ಅಲ್ಪವಿರಾಮ ಮತ್ತು ಪೂರ್ಣವಿರಾಮದ ಕೀಲಿಗಳನ್ನು ಒತ್ತಿದರೆ ಒಂದೊಂದೇ ಚಿತ್ರ ಹಿಂದೆ ಮುಂದೆ ಸರಿಯುತ್ತದೆ. ಹಾಗೆ ನೋಡಿಯೂ ಸಿಗದಿದ್ದರೆ ಆ ವಿಡಿಯೊದಲ್ಲಿ ಅದು ಇಲ್ಲ; ಬೇರೆ ಕೋನದ ಪಾಠ ಹುಡುಕಿ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಪಾಠ ಹೇಳುವವನು ಗುಟ್ಟಿನ ಚಲನೆಯಿಂದ ಆರಂಭಿಸುತ್ತಾನೆ, ಆದರೆ ಆಟ ಅಲ್ಲಿಂದ ಆರಂಭವಾಗುವುದಿಲ್ಲ. ಇದು ಡಬಲ್ ಲಿಫ್ಟಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣುವುದಿಲ್ಲ.

ಡಬಲ್ ಲಿಫ್ಟ್: ಎರಡು ಎಲೆ ಒಂದಾಗಿ ಕಾಣದಿದ್ದರೆ

ಕಟ್ಟಿನ ಮೇಲಿನ ಎರಡು ಎಲೆಗಳನ್ನು ಒಂದೇ ಎಂಬಂತೆ ತಿರುವಿ ತೋರಿಸುವ ಈ ಚಲನೆಯನ್ನು ಕಲಿಯದ ಹೊಸಬರಿಲ್ಲ, ಇದರಲ್ಲಿ ಸಿಕ್ಕಿಬೀಳದವರೂ ಇಲ್ಲ. ಮೂರು ಬಗೆಯ ದೂರುಗಳು ಬರುತ್ತವೆ.

ಕೆಲವೊಮ್ಮೆ ಎರಡರ ಬದಲು ಮೂರು ಬರುತ್ತದೆ ಎಂಬುದು ಮೊದಲನೆಯದು. ಹೊಸ ಕಟ್ಟಿನಲ್ಲಿ ಹತ್ತು, ಹಳೆಯದರಲ್ಲಿ ಹತ್ತು ಬಾರಿ ಮಾಡಿ ಲೆಕ್ಕ ಬರೆದುಕೊಳ್ಳಿ. ಹಳೆಯದರಲ್ಲಿ ಮಾತ್ರ ತಪ್ಪಿದರೆ ಮೇಲೆ ಹೇಳಿದ ತೇವದ ಪ್ರಕರಣ. ಎರಡರಲ್ಲಿಯೂ ಸುಮ್ಮನಿದ್ದಾಗ ಸರಿಬಂದು, ಮಾತನಾಡುತ್ತ ಮಾಡಿದಾಗ ತಪ್ಪಿದರೆ, ಎಣಿಕೆ ಇನ್ನೂ ಬೆರಳಿಗೆ ಇಳಿದಿಲ್ಲ, ತಲೆಯಲ್ಲಿಯೇ ಇದೆ ಎಂದರ್ಥ. ಮಗ್ಗಿ ಹೇಳುತ್ತ ಅಭ್ಯಾಸ ಮಾಡುವುದು ನಾನು ಕಂಡುಕೊಂಡ ಉಪಾಯ.

ತಿರುವಿದ ಮೇಲೆ ಎಲೆಗಳು ಕತ್ತರಿಯಂತೆ ಬಾಯಿ ಬಿಡುತ್ತವೆ ಎಂಬುದು ಎರಡನೆಯದು. ತಿರುವಿದ ಎಲೆಗಳನ್ನು ಕಟ್ಟಿನ ಮೇಲೆ ಬಿಟ್ಟ ಕೂಡಲೇ ಎಡಗೈಯ ಹೆಬ್ಬೆರಳೂ ತೋರುಬೆರಳೂ ಅವುಗಳ ಅಂಚನ್ನು ಸ್ವಾಗತಿಸಬೇಕು. ಬಲಗೈ ಮಾತ್ರ ದುಡಿದರೆ ಜೋಡಿ ಸರಿಯುತ್ತದೆ. ಇಷ್ಟು ಸಾಕು.

ಮೂರನೆಯ ದೂರು, "ಎಲೆಗಳು ಸರಿಯಾಗಿಯೇ ಬಂದವು, ಆದರೂ ನೋಡುವವರು ನಂಬಲಿಲ್ಲ." ಇಲ್ಲಿಯೇ ಪಾಠದ ವಿಡಿಯೊ ಕೈಕೊಡುವುದು. ಎರಡು ಎಲೆಗಳನ್ನು ಎತ್ತುವುದಕ್ಕೆ ಮೊದಲು ಸಿದ್ಧತೆಯೊಂದಿದೆ: ಎಡಗೈ ಹೆಬ್ಬೆರಳು ಮೇಲಿನ ಎರಡು ಎಲೆಗಳನ್ನು ಕೂದಲೆಳೆಯಷ್ಟು ಬಲಕ್ಕೆ ತಳ್ಳಿ ಹಿಂದಕ್ಕೆಳೆದುಕೊಳ್ಳುವಾಗ ಕಿರುಬೆರಳ ತುದಿಯ ಮಾಂಸ ಅವುಗಳ ಕೆಳಗೆ ಸೇರಿಕೊಳ್ಳುತ್ತದೆ. ಇದನ್ನು ಬ್ರೇಕ್ ಎನ್ನುತ್ತಾರೆ. ಪಾಠದಲ್ಲಿ ಬ್ರೇಕ್ ಹಿಡಿದು ಆ ಕ್ಷಣವೇ ತಿರುವುತ್ತಾರೆ, ಏಕೆಂದರೆ ಪಾಠಕ್ಕೆ ಅದು ಅನುಕೂಲ. ಆದರೆ ಅದೇ ವ್ಯಕ್ತಿ ಜನರ ಮುಂದೆ ಆಟ ಆಡುವ ಭಾಗವನ್ನು ಒಂದೊಂದೇ ಚಿತ್ರವಾಗಿ ಹಿಂದಕ್ಕೆ ಸರಿಸಿ ನೋಡಿದರೆ, ಬ್ರೇಕ್ ಎರಡು ವಾಕ್ಯಗಳ ಹಿಂದೆಯೇ, ಅವನು ಯಾರನ್ನೋ ಹೆಸರು ಕೇಳುವಾಗ, ಎಲ್ಲರೂ ಆ ಮುಖ ನೋಡುವಾಗ ಸಿದ್ಧವಾಗಿರುತ್ತದೆ. ತಿರುವುವ ಹೊತ್ತಿಗೆ ಅವನ ಕೈಗೆ ಮಾಡಲು ಕೆಲಸವೇ ಉಳಿದಿರುವುದಿಲ್ಲ. ನಾವು ಎಲ್ಲರೂ ಕಟ್ಟನ್ನೇ ನೋಡುತ್ತಿರುವಾಗ ಬ್ರೇಕ್ ಹಿಡಿಯುತ್ತೇವೆ, ತಡಕಾಡುತ್ತೇವೆ, ಆಮೇಲೆ ಚಕ್ಕನೆ ತಿರುವುತ್ತೇವೆ.

ಪರೀಕ್ಷೆ: ನಿಮ್ಮ ಚಿತ್ರಣದಲ್ಲಿ ಕಿರುಬೆರಳು ಒಳಸೇರಿದ ಕ್ಷಣದಿಂದ ಎಲೆ ತಿರುವಿದ ಕ್ಷಣದವರೆಗೆ ಎಷ್ಟು ಸಮಯವಿದೆ ಎಂದು ನೋಡಿ. ಒಂದು ಸೆಕೆಂಡಿಗಿಂತ ಕಡಿಮೆಯಿದ್ದರೆ ದೋಷ ಸಿಕ್ಕಿತು. ಬ್ರೇಕಿನ ಸಂದು ಬಲಗಡೆ ಕೂತವರಿಗೆ ಕಾಣುತ್ತಿದ್ದರೆ ಕಿರುಬೆರಳು ತುದಿಗಿಂತ ಹೆಚ್ಚು ಒಳಗೆ ಹೋಗಿದೆ. ಎದುರಿನ ಅಂಚಂತೂ ಪೂರ್ತಿ ಮುಚ್ಚಿರಬೇಕು.

ಇನ್ನೊಂದು ಮಾತು. ನಮ್ಮ ಕಡೆ ಇಸ್ಪೀಟು ಎಂದರೆ ರಮ್ಮಿ; ಮದುವೆಯ ಹಿಂದಿನ ರಾತ್ರಿ ಚೌಲ್ಟ್ರಿಯಲ್ಲಿ ಚಾಪೆ ಹಾಸಿ ಆಡುವವರು ಎಲೆಯನ್ನು ಹೇಗೆ ಎತ್ತುತ್ತಾರೆ ಎಂದು ಗಮನಿಸಿ. ಮೂಲೆ ಹಿಡಿದು ಎತ್ತುತ್ತಾರೆ, ಮಗುಚುತ್ತಾರೆ, ಅಷ್ಟೇ. ವಿಡಿಯೊದ ಯುವಕರು ಎಲೆಯನ್ನು ಬೆರಳುಗಳ ನಡುವೆ ಗಿರಕಿ ಹೊಡೆಸಿ ತಿರುವುವ ಶೈಲಿಯನ್ನು ಅವರ ಮುಂದೆ ಮಾಡಿದರೆ, "ಇವನು ಎಲೆ ಬಲ್ಲವನು" ಎಂಬ ಅನುಮಾನ ಆಟಕ್ಕೆ ಮೊದಲೇ ಬಂದಿರುತ್ತದೆ. ಅಂಥ ಮನೆಗಳಲ್ಲಿ ಒರಟಾದ ತಿರುವೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ ಎಂಬುದು ನನ್ನ ಅನುಭವ.

ಖಾಲಿ ಕೈಯೂ ತುಂಬಿದ ಕೈಯೂ

ಜಗಲಿಯ ಹುಡುಗನ ಪ್ರಕರಣಕ್ಕೆ ಮರಳೋಣ. ಅವನು ಮಾಡಿದ್ದು ಸುಳ್ಳು ವರ್ಗಾವಣೆ: ನಾಣ್ಯ ಬಲಗೈ ಬೆರಳುಗಳ ಬುಡದಲ್ಲಿಯೇ ಉಳಿಯುತ್ತದೆ, ಎಡಗೈ ಅದನ್ನು ಪಡೆದಂತೆ ಮುಚ್ಚಿಕೊಳ್ಳುತ್ತದೆ. ನಿಜ ಮತ್ತು ನಟನೆಯನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೂರು ವ್ಯತ್ಯಾಸಗಳು ಸಿಕ್ಕವು. ನಿಜವಾಗಿ ಕೊಟ್ಟಾಗ ಅವನ ಬಲಗೈ ಸಡಿಲವಾಗಿ ತೊಡೆಯ ಮೇಲೆ ಬೀಳುತ್ತಿತ್ತು; ನಟಿಸಿದಾಗ ಎದೆಯ ಮಟ್ಟದಲ್ಲಿ ಗಾಳಿಯಲ್ಲಿಯೇ ನಿಲ್ಲುತ್ತಿತ್ತು. ನಿಜವಾಗಿ ಪಡೆದಾಗ ಎಡ ಮುಷ್ಟಿಯೊಳಗೆ ನಾಣ್ಯದಷ್ಟು ಜಾಗವಿರುತ್ತಿತ್ತು. ನಟಿಸಿದಾಗ ಉಗುರುಗಳು ಅಂಗೈಗೆ ಒತ್ತುತ್ತಿದ್ದವು. ನಿಜದಲ್ಲಿ ಅವನ ಕಣ್ಣು ನಾಣ್ಯದ ಹಿಂದೆಯೇ ಎಡಗೈಗೆ ಹೋಗುತ್ತಿತ್ತು. ನಟನೆಯಲ್ಲಿ ನಮ್ಮ ಮುಖ ನೋಡುತ್ತಿತ್ತು, ಸಿಕ್ಕಿಬಿದ್ದೆನೇ ಎಂದು ವಿಚಾರಿಸುವಂತೆ.

ಮೂರನ್ನೂ ಒಟ್ಟಿಗೆ ತಿದ್ದಲು ಹೋದರೆ ಯಾವುದೂ ನಿಲ್ಲುವುದಿಲ್ಲ. ಕಣ್ಣಿನಿಂದ ಆರಂಭಿಸುವುದು ಲೇಸು, ಏಕೆಂದರೆ ನಾಣ್ಯ ಎಡಗೈಯಲ್ಲಿದೆ ಎಂದು ನೀವೇ ನಂಬಿ ಅದನ್ನು ನೋಡಿದರೆ ಬಲಗೈ ತಾನಾಗಿ ಸಡಿಲಗೊಳ್ಳುತ್ತದೆ. ಅನಂತರವೂ ಬಲಗೈ ಗಾಳಿಯಲ್ಲಿ ನಿಂತರೆ ಅದಕ್ಕೊಂದು ಕೆಲಸ ಕೊಡಿ: ಅಂಗಿಯ ತೋಳು ಸರಿಸಲಿ, ಮೇಜಿನ ಮೇಲಿನ ಪೆನ್ನು ಎತ್ತಲಿ.

ಕೂತವರ ಕಣ್ಣು ಎಲ್ಲಿದೆ

ಕ್ಯಾಮೆರಾದ ಮುಂದೆ ನಿರ್ದೋಷವಾದದ್ದು ಮನೆಯಲ್ಲಿ ಸಿಕ್ಕಿಬಿದ್ದರೆ ಕೋನವನ್ನು ಅನುಮಾನಿಸಿ. ವಿಡಿಯೊದಲ್ಲಿ ನೋಡುಗನ ಕಣ್ಣು ಒಂದೇ, ಅದೂ ಮೇಜಿನಾಚೆ, ಕಣ್ಣಿನ ಮಟ್ಟದಲ್ಲಿ. ನಮ್ಮ ಮನೆಗಳಲ್ಲಿ ಹಿರಿಯರು ಕುರ್ಚಿಯಲ್ಲಿ, ಹೆಂಗಸರು ಅಡುಗೆಮನೆಯ ಬಾಗಿಲಲ್ಲಿ, ಮಕ್ಕಳು ನೆಲದ ಮೇಲೆ ಕೂತಿರುತ್ತಾರೆ. ನೀವು ನಿಂತು ಆಡಿದರೆ ನೆಲದ ಮೇಲಿನ ಮಗುವಿಗೆ ನಿಮ್ಮ ಅಂಗೈ ಕೆಳಗಿನಿಂದ ಪೂರ್ತಿ ಕಾಣುತ್ತದೆ. "ಮಾಮ, ಅಲ್ಲಿ ಕಾಸಿದೆ" ಎಂಬ ಕೂಗು ಅಲ್ಲಿಂದಲೇ ಬರುವುದು. ಮೊಬೈಲನ್ನು ನೆಲದ ಮೇಲಿಟ್ಟು ಒಮ್ಮೆ, ಎಡಬಲಗಳಲ್ಲಿ ಒಂದೊಂದು ಬಾರಿ ಚಿತ್ರಿಸಿ ನೋಡಿ. ನೀವೂ ಚಾಪೆಯ ಮೇಲೆ ಕೂತು ಆಡಿದರೆ ಅರ್ಧಕ್ಕರ್ಧ ತೊಂದರೆ ಮುಗಿಯುತ್ತದೆ. ಹಿಂದೆ ಕಿಟಕಿಯ ಬೆಳಕಿದ್ದರೆ ಬೆರಳುಗಳ ಸಂದುಗಳು ಮಿನುಗುತ್ತವೆ. ಗೋಡೆಗೆ ಬೆನ್ನು ಮಾಡಿ.

ಉಳಿದ ಕೆಲವು

ಆರಿಸಿದ ಎಲೆ ಕಲಸುವಾಗ ಕಳೆದುಹೋಗುತ್ತಿದ್ದರೆ ಆ ಎಲೆಯನ್ನು ಮುಖ ಮೇಲಾಗಿ ಇಟ್ಟು ಅದೇ ಕ್ರಮದಲ್ಲಿ ಕಲಸಿ; ಯಾವ ಹಂತದಲ್ಲಿ ಜಾಗ ತಪ್ಪುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ. ಎರಡು ಅರ್ಧಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆಯುವ ಫಾರೋ ಕಲಸುವಿಕೆ ಒಂದು ಕಡೆಯಿಂದ ಹಠ ಮಾಡಿದರೆ ಕಟ್ಟನ್ನು ಮಗುಚಿ ಪ್ರಯತ್ನಿಸಿ. ಕಾರ್ಖಾನೆಯಲ್ಲಿ ಹಾಳೆಯನ್ನು ಯಾವ ಮುಖದಿಂದ ಕತ್ತರಿಸಿದ್ದಾರೋ ಅದಕ್ಕೆ ತಕ್ಕಂತೆ ಅಂಚು ಸೂಕ್ಷ್ಮವಾಗಿ ಓರೆಯಾಗಿರುತ್ತದೆ, ಒಂದು ದಿಕ್ಕಿಗೆ ಸುಲಭವಾಗಿ ಹೆಣೆಯುತ್ತದೆ. ಹೆಣಿಗೆ ನಿಖರವೇ ಎಂದು ಪರೀಕ್ಷಿಸಲು, ಮೇಲಿನ ಎಲೆ ಮೇಲೆಯೇ ಉಳಿಯುವಂತೆ 52 ಎಲೆಗಳನ್ನು ಎಂಟು ಬಾರಿ ಹೆಣೆಯಿರಿ. ಮೂಲ ಕ್ರಮ ಮರಳಿ ಬರಬೇಕು. ಬಾರದಿದ್ದರೆ ಕೈಯನ್ನು ಬಯ್ಯುವ ಮೊದಲು ಎಲೆಗಳನ್ನು ಎಣಿಸಿ. ಸೋಫಾದ ಕೆಳಗೆ ಕಳಾವರ ಗುಲಾಮನೂ ರಾಣಿಯೂ ಬಿದ್ದಿರುವುದನ್ನು ತಿಳಿಯದೆ ನಾನು ಒಂದು ಭಾನುವಾರವನ್ನೇ ಹಾಳುಮಾಡಿಕೊಂಡಿದ್ದೇನೆ.

ನಾಣ್ಯಗಳು ಒಂದಕ್ಕೊಂದು ತಾಗಿ ಸದ್ದು ಮಾಡುವ ದೋಷ ಚಿತ್ರಣದಲ್ಲಿ ತಪ್ಪಿಸಿಕೊಳ್ಳುತ್ತದೆ, ಏಕೆಂದರೆ ಹೋಲಿಕೆಯನ್ನು ಧ್ವನಿಯಿಲ್ಲದೆ ಮಾಡಿರುತ್ತೇವೆ. ಆದ್ದರಿಂದ ಕೊನೆಗೊಮ್ಮೆ ಚಿತ್ರ ನೋಡದೆ ಧ್ವನಿ ಮಾತ್ರ ಕೇಳಬೇಕು. ಹುಡುಗ ಎರಡು ವಾರ ಬಿಟ್ಟು ಬಂದಾಗ ಕಣ್ಣು, ಮುಷ್ಟಿ, ಬಲಗೈ ಮೂರೂ ಸರಿಹೋಗಿದ್ದವು. ಅತ್ತೆ ಆ ದಿನ ಕತ್ತರಿ ಕೆಳಗಿಟ್ಟು ನೋಡಿದರು, ಎಡಗೈ ಬಿಡಿಸಿದಾಗ ಏನೂ ಹೇಳಲಿಲ್ಲ, ಆಮೇಲೆ ಬಲಗೈಯ ಕಡೆಗೆ ಗಲ್ಲ ಎತ್ತಿ ತೋರಿಸಿದರು: "ಉಂಗುರ ಟಿಣ್ ಅಂತಲ್ಲೋ." ಉಂಗುರವನ್ನು ಎಡಗೈಗೆ ಬದಲಾಯಿಸಿಕೊಳ್ಳಲು ಹೇಳಿದೆ.